ಗೋಪಣ್ಣನ ಕುಣಿಯ ಸುಂಡಿಲಿ

ಬೆಟಗೇರಿಯ ಗೋಪಣ್ಣನ ಪಡಸಾಲೆಗೆ ಹದಿನೆಂಟು ಡಬ್ಬಿ ಟೈಲ್ಸು ಬಂದು ಕೂತ ದಿನವೇ ಆ ಮನೆಯ ಶಾಂತಿ ಎದ್ದು ಹೊರಗೆ ಹೋಯಿತು. ಟೈಲ್ಸು ತರಿಸಿದವಳು ಹೆಂಡತಿ ಚೌಡವ್ವ. ಅದಕ್ಕೆ ಕಾರಣ ಲಕ್ಷ್ಮೇಶ್ವರದಲ್ಲಿರುವ ಅವಳ ಅಕ್ಕ ಗುರುಸಿದ್ದವ್ವ. ಈ ಅಕ್ಕ ತನ್ನ ಮನೆಗೆ ಬಿಳಿ ಟೈಲ್ಸು ಹಾಕಿಸಿಕೊಂಡವಳು ಸುಮ್ಮನಿರಬಾರದೆ? ಬೆಟಗೇರಿಯ ತನಕ ಬಸ್ಸು ಹತ್ತಿ ಬಂದು, "ನಮ್ಮ ಮನಿಯಾಗ ಮುಖಾ ನೋಡ್ಕೊಳ್ಳಾಕ ಈಗ ಕನ್ನಡಿ ಬ್ಯಾಡವಾ ತಂಗಿ, ಬಗ್ಗಿದರ ಸಾಕು" ಎಂದು ಹೇಳಿ, ಚಹಾ ಕುಡಿದು ಹೋದಳು. ಅವತ್ತಿನಿಂದ ಚೌಡವ್ವನಿಗೆ ತನ್ನ ಮನೆಯ ನೆಲ ಕಂಡರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು.

ನೆಲದ ಬಗ್ಗೆ ಗೋಪಣ್ಣನ ತಕರಾರಿರಲಿಲ್ಲ. ತಕರಾರು ಇದ್ದದ್ದು ನೆಲದ ನಡುವಿನ ಕುಣಿಯದು. ಅವನದು ಕುಣಿಮಗ್ಗ. ನೇಯುವವನು ನೆಲದ ಅಂಚಿಗೆ ಕೂತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು, ಅಲ್ಲಿಯ ಹಲಗೆ ತುಳಿಯುತ್ತ ಮೇಲೆ ಲಾಳಿ ಎಸೆಯಬೇಕು. ಹಾಗೆ ಮೂವತ್ತನಾಲ್ಕು ವರ್ಷ ಕಾಲು ಇಳಿಬಿಟ್ಟಿದ್ದ ಮನುಷ್ಯ ಗೋಪಣ್ಣ. ಆರು ವರ್ಷದಿಂದ ಮಗ್ಗ ನಿಂತಿತ್ತು. ಈಗ ಅವನು ಗದಗಿನ ಒಂದು ಬಟ್ಟೆ ಅಂಗಡಿಯಲ್ಲಿ, ಹೆಂಗಸರು ಬೇಡವೆಂದು ಎಸೆದ ಮಿಲ್ಲಿನ ಸೀರೆಗಳನ್ನು ಮಡಚುವ ಕೆಲಸಕ್ಕೆ ಹೋಗುತ್ತಿದ್ದ. "ಮಗ್ಗ ಅಟ್ಟಕ್ಕ ಹಾಕ್ರಿ, ಕುಣಿ ತುಂಬಿಸಿ ಮ್ಯಾಲೆ ಟೈಲ್ಸ್ ಹಾಕಿಸೂಣು" ಎಂಬುದು ಚೌಡವ್ವನ ತೀರ್ಪು.

ಹೆಂಡತಿಗೆ ಅಂಜುವ ಗಂಡಸಲ್ಲ ಗೋಪಣ್ಣ. ಅವಳ ಮುಂದೆ ಬಾಯಿ ತೆರೆಯುತ್ತಿರಲಿಲ್ಲ, ಅಷ್ಟೆ. ಕುಣಿ ಬೇಕು ಎಂಬ ಮಾತು ಗಂಟಲಿನ ತನಕ ಬಂದು ಅಲ್ಲೇ ಕೂತುಬಿಡುತ್ತಿತ್ತು. ಹಾಗಾಗಿ ಟೈಲ್ಸು ಹಾಕುವ ರಹಮಾನಸಾಬ ಬಂದಾಗಲೆಲ್ಲ ಒಂದೊಂದು ನೆವ ಹೇಳಿ ಕಳಿಸುತ್ತಿದ್ದ. ಒಮ್ಮೆ ಅಮಾಸಿ, ಒಮ್ಮೆ ಉಸುಕು ಸರಿಯಿಲ್ಲ, ಒಮ್ಮೆ ತನಗೇ ಮೊಣಕಾಲು ನೋವು. "ಟೈಲ್ಸ್ ಹಾಕಾಂವ ನಾನು, ನಿಮ್ಮ ಮೊಣಕಾಲಿಗೆ ಏನು ಸಂಬಂಧ್ರಿ?" ಎಂದು ರಹಮಾನಸಾಬ ಕೇಳಿದ್ದಕ್ಕೆ ಅವನಿಗೆ ಒಂದು ಚಹಾ ಕುಡಿಸಿ ಕಳಿಸಿದ.

ಇಂಥ ಹೊತ್ತಿನಲ್ಲಿ ಧಾರವಾಡದಿಂದ ಅನುರಾಧಾ ಎಂಬ ಹುಡುಗಿ ಬಂದಳು. ಆಕೆ ಸುಂಡಿಲಿಯ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಸುಂಡಿಲಿ ಗೊತ್ತಲ್ಲ, ಮೂತಿ ಚೂಪು, ಕಣ್ಣು ಸಣ್ಣ, ಗೋಡೆಗುಂಟ ಚೀಂವ್ ಚೀಂವ್ ಎನ್ನುತ್ತ ಓಡುವ, ಓಡಿದ ದಾರಿಯಲ್ಲಿ ನಾಲ್ಕು ದಿನ ನಾರುವ ಪ್ರಾಣಿ. ಗೋಪಣ್ಣನ ಕುಣಿಯಲ್ಲಿ ಅದರ ಸಂಸಾರವಿತ್ತು.

"ಇದು ಇಲೀನ ಅಲ್ಲ ಗೋಪಣ್ಣಾರ" ಎಂದಳು ಅನುರಾಧಾ. "ಪರದೇಶದಾಗ ನೆಲದಾಗ ಸುರಂಗ ತೋಡೋ ಕುರುಡು ಪ್ರಾಣಿ ಒಂದೈತಿ, ಮೋಲ್ ಅಂತ. ಇದು ಅದಕ್ಕ ದೊಡ್ಡಪ್ಪನ ಮಗ ಇದ್ದಂಗ. ಅಲ್ಲೆ ಆ ಪ್ರಾಣಿ ಎಲ್ಲಾ ಒಂದ ಜಾತಿ ಅಂತ ತಿಳಕೊಂಡಿದ್ರು. ರಕ್ತದಾಗಿನ ಬರಹ, ಡಿ.ಎನ್.ಎ. ಅಂತಾರಲ್ಲ, ಅದನ್ನ ಓದಿ ನೋಡಿದರ, ಮ್ಯಾಲೆ ಒಂದ ಥರಾ ಕಾಣತಾವ, ಒಳಗ ಮೂರು ನಾಕು ಬ್ಯಾರೆ ಬ್ಯಾರೆ ಜಾತಿ! ನಮ್ಮ ಸುಂಡಿಲಿನೂ ಹಂಗ ಇರಬಹುದು."

ಗೋಪಣ್ಣನಿಗೆ ಅರ್ಧ ತಿಳಿಯಿತು. ಉಳಿದರ್ಧಕ್ಕೆ ತಲೆ ಅಲ್ಲಾಡಿಸಿದ. ಅಂಗಡಿಗೆ ನಾಲ್ಕು ದಿನ ರಜೆ ಹಾಕಿ ಅವಳ ಜೊತೆ ಬೋನು ಹಿಡಿದು ಹೊರಟೇಬಿಟ್ಟ. ತನ್ನ ಕುಣಿಯಲ್ಲಿ ಮೂರು, ಲಕ್ಷ್ಮೇಶ್ವರದಲ್ಲಿ ಗುರುಸಿದ್ದವ್ವನ ಮನೆಯಲ್ಲಿ ಮೂರು, ಶಿರಹಟ್ಟಿಯಲ್ಲಿ ಮೂರು, ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯಲ್ಲಿ ಕಳಕವ್ವ ಎಂಬ ಮುದುಕಿಯ ಮನೆಯಲ್ಲಿ ಮೂರು ಸುಂಡಿಲಿ ಸಿಕ್ಕವು. ಪ್ರತಿಯೊಂದರ ಕಿವಿಯ ಅಂಚನ್ನು ಅನುರಾಧಾ ಎಳ್ಳಿನಷ್ಟು ಕತ್ತರಿಸಿ, ಸ್ಪಿರಿಟ್ಟು ತುಂಬಿದ ಪುಟ್ಟ ಬಾಟಲಿಗೆ ಹಾಕಿ, ಪ್ರಾಣಿಯನ್ನು ಹಾಗೇ ಬಿಟ್ಟುಬಿಡುತ್ತಿದ್ದಳು.

ಬಾಟಲಿಗೆ ಅಂಟಿಸಿದ ಚೀಟಿಯ ಶಾಯಿ ಮೊದಲ ದಿನವೇ ಸ್ಪಿರಿಟ್ಟು ತಾಗಿ ಅಳಿಸಿಹೋಯಿತು. ಅಲ್ಲಿ ಗೋಪಣ್ಣನೊಳಗಿನ ನೇಕಾರ ಎದ್ದು ನಿಂತ.

"ಕಾಗದಾ ನಂಬಬ್ಯಾಡ್ರಿ ಅಕ್ಕಾರ. ನೂಲು ನಂಬ್ರಿ. ಬಾಟಲಿ ಕುತ್ತಿಗಿಗೆ ಒಂದೊಂದು ನೂಲು ಕಟ್ಟತೀನಿ. ಒಂದು ಗಂಟು ಅಂದರ ಬೆಟಗೇರಿ, ಎರಡು ಲಕ್ಷ್ಮೇಶ್ವರ, ಮೂರು ಶಿರಹಟ್ಟಿ, ನಾಕು ಹಿರೇವಡ್ಡಟ್ಟಿ. ನೇಕಾರ ಹಾಕಿದ ಗಂಟು ಸುಳ್ಳು ಹೇಳೂದಿಲ್ಲ."

"ಭಾಳ ಛಲೋ ಆತು!" ಎಂದಳು ಅನುರಾಧಾ. ಇಂಗ್ಲಿಷಿನಲ್ಲಿ ಓದಿದವರು ತನ್ನ ಬುದ್ಧಿಯನ್ನು ಮೆಚ್ಚಿದ್ದು ಗೋಪಣ್ಣನ ಜೀವಮಾನದಲ್ಲಿ ಅದೇ ಮೊದಲು. ಮರಳುವಾಗ ಬೆಟಗೇರಿಯ ತನಕ ಬಸ್ಸಿನಲ್ಲಿ ನಿಂತೇ ಬಂದ, ಕೂತರೆ ಎದೆ ಉಬ್ಬಿದ್ದು ಕಾಣುವುದಿಲ್ಲವೆಂದು.

ಕೊನೆಯ ದಿನ ಅನುರಾಧಾ ಬಾಟಲಿಗಳ ಪೆಟ್ಟಿಗೆಯನ್ನು ಗೋಪಣ್ಣನ ಮನೆಯಲ್ಲಿಟ್ಟು ಟಿಕೀಟು ಮಾಡಿಸಲು ಬಸ್ ನಿಲ್ದಾಣಕ್ಕೆ ಹೋದಳು. ಗೋಪಣ್ಣ ಚಹಾ ಕುಡಿಯಲು ಓಣಿಯ ತುದಿಗೆ ಹೋದ. ಮನೆಯಲ್ಲಿ ಉಳಿದವಳು ಚೌಡವ್ವ.

ಈಗ ಚೌಡವ್ವನ ಬಗ್ಗೆ ಒಂದು ಮಾತು ಹೇಳಬೇಕು. ಆಕೆ ಏಳು ವರ್ಷದವಳಿದ್ದಾಗಿಂದ ನೂಲು ಸುತ್ತಿದವಳು. ನೂಲಿನಲ್ಲಿ ಗಂಟು ಉಳಿದರೆ ಸೀರೆ ಹಾಳು, ಸೀರೆ ಹಾಳಾದರೆ ಕೂಲಿ ಹಾಳು ಎಂದು ತಾಯಿಯಿಂದ ತಲೆಗೆ ಮೊಟಕಿಸಿಕೊಂಡು ಬೆಳೆದವಳು. ಗಂಟು ಕಂಡರೆ ಆಕೆಯ ಕೈ ಆಕೆಯನ್ನು ಕೇಳುವುದಿಲ್ಲ. ಗೋಪಣ್ಣ ಮರಳಿ ಬಂದು ನೋಡುತ್ತಾನೆ, ಹನ್ನೆರಡು ಬಾಟಲಿಗಳು ಬತ್ತಲೆ ನಿಂತಿವೆ. ಹನ್ನೆರಡು ನೂಲುಗಳ ಗಂಟನ್ನೆಲ್ಲ ಬಿಚ್ಚಿ, ತುದಿಗೆ ತುದಿ ಹೊಸೆದು, ಒಂದೇ ಎಳೆ ಮಾಡಿ, ಚೌಡವ್ವ ಲಾಳಿಯೊಳಗಿಡುವ ಕಂಡಿಕೆಗೆ ಸುತ್ತುತ್ತ ಕೂತಿದ್ದಾಳೆ.

"ಏನ್ ಗಂಟು ಹಾಕೀರ್ರಿ, ನೂಲಿನ ಜೀವಾ ಹೋಗಿತ್ತು" ಎಂದಳು ಆಕೆ, ತಲೆ ಎತ್ತದೆ. "ನೋಡ್ರಿ ಈಗ, ಎಲ್ಲಿ ಕೂಡಿಸೀನಿ ಹೇಳ್ರಿ ನೋಡೂಣು."

ಗೋಪಣ್ಣ ಬಾಟಲಿಗಳನ್ನು ಪೆಟ್ಟಿಗೆಗೆ ತುಂಬಿ ಹಿತ್ತಲಿಗೆ ಒಯ್ದ. ಹೆಂಡತಿಗೆ ಹೇಳಿದರೆ ಓಣಿಗೆಲ್ಲ ಗೊತ್ತು, ಅನುರಾಧಾ ಅಕ್ಕಾರಿಗೆ ಹೇಳಿದರೆ ಆಗಷ್ಟೇ ಬಂದ ಮಾನ ಬಸ್ಸು ಹತ್ತಿ ಹೋಗುತ್ತದೆ. ಸರಸರ ಹೊಸ ನೂಲು ಕತ್ತರಿಸಿ, ಇದು ಬೆಟಗೇರಿಯದೇ ಇರಬೇಕು, ಮುಖ ಪರಿಚಯ ಇದ್ದಂತಿದೆ, ಇದು ಶಿರಹಟ್ಟಿಯದು, ಸ್ವಲ್ಪ ಕಮ್ಮಿ ಮಾತಾಡುತ್ತದೆ, ಎಂಬ ಲೆಕ್ಕದಲ್ಲಿ ಎಳ್ಳಿನಷ್ಟು ಕಿವಿಚೂರುಗಳನ್ನು ನೋಡಿ ಗಂಟು ಹಾಕಿದ. ಅನುರಾಧಾ ಪೆಟ್ಟಿಗೆ ಎತ್ತಿಕೊಂಡು ಹೋದಳು.

ಎರಡು ತಿಂಗಳಾಯಿತು. ನೆವಗಳೆಲ್ಲ ಖಾಲಿಯಾಗಿ, ರಹಮಾನಸಾಬ ಕುಣಿ ತುಂಬಲು ಬಾಗಿಲ ಹೊರಗೆ ಗರಸು ಮಣ್ಣು ಸುರುವಿಸಿ, ಸಲಿಕೆ ಎತ್ತಿದ ಬೆಳಿಗ್ಗೆ ಫೋನು ಬಂತು. ಆ ಕಡೆ ಅನುರಾಧಾ.

"ಗೋಪಣ್ಣಾರ! ಹನ್ನೊಂದು ಬಾಟಲಿ ಒಂದ ಜಾತಿ. ಒಂದು ಮಾತ್ರ ಬ್ಯಾರೆನ ಐತಿ! ಲಕ್ಷಾಂತರ ವರ್ಷದ ಹಿಂದ ಅಗಲಿದ ಕುಲ, ಇನ್ನೂ ಯಾರೂ ಹೆಸರ ಇಟ್ಟಿಲ್ಲ ಅನಸ್ತೈತಿ. ಒಂದು ಗಂಟಿನ ಬಾಟಲಿ! ನಿಮ್ಮ ಕುಣಿದು! ನಾ ಬರೋ ತನಕ ಆ ಜಾಗಾ ಮುಟ್ಟಬ್ಯಾಡ್ರಿ."

ಗೋಪಣ್ಣ ಫೋನು ಇಟ್ಟ. ಒಂದು ಗಂಟು! ಆ ಗಂಟು ಹಾಕಿದ್ದು ಹೇಗೆಂದು ಜಗತ್ತಿನಲ್ಲಿ ಬಲ್ಲವನು ಅವನೊಬ್ಬ. ಆ ಒಬ್ಬನೂ ಅವತ್ತು ಮರೆತುಬಿಡುವುದೆಂದು ನಿಶ್ಚಯಿಸಿದ.

"ರಹಮಾನಸಾಬ, ಸಲಿಕಿ ಕೆಳಗಿಡು!" ಎಂದು ಕೂಗಿದ ದನಿ ಆ ಮನೆಯಲ್ಲಿ ಮೂವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. "ಈ ಕುಣಿ ಇನ್ನ ನಮ್ಮದಲ್ಲ. ಇದು ವಿಜ್ಞಾನದ್ದು!"

ಚೌಡವ್ವ ಸೊಂಟಕ್ಕೆ ಕೈಯಿಟ್ಟಳು. "ಯಾರದು?"

"ವಿಜ್ಞಾನದ್ದು."

"ಹಂಗಾರ ಮನಿ ಕರಾ ಅವನ ಕಟ್ಟಲಿ."

ಸುದ್ದಿ ಹಬ್ಬಿಸಲು ಡಂಗುರ ಬೇಕಾಗಲಿಲ್ಲ, ಪಕ್ಕದ ಮನೆಯಲ್ಲಿ ಗಾದಿ ಹೊಲಿಯುವ ಅಬ್ದುಲಗನಿ ಇದ್ದ. ಒಬ್ಬೊಬ್ಬ ಗಿರಾಕಿಗೂ ಹತ್ತಿಯ ಜೊತೆ ಸುದ್ದಿಯನ್ನೂ ತುಂಬಿ ಕಳಿಸಿದ. ಅವನ ಹೆಂಡತಿ ಖಾತುನಬಿ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ಕೂತು ತಲೆಗೆ ಕೈ ಹಚ್ಚಿಕೊಂಡಳು.

"ಯಾ ಅಲ್ಲಾ! ನಾ ದಿನಾ ಕಸಬರಿಗಿಲೆ ಬಡೀತಿದ್ನಲ್ಲ ಚೌಡಕ್ಕ, ಎಷ್ಟು ಲಕ್ಷ ವರ್ಷ ಬಡದೀನೋ ಏನೋ!"

ಸಂಜೆಗೆ ಅಬ್ದುಲಗನಿಯೇ ಹಕ್ಕು ಕೇಳಿಕೊಂಡು ಬಂದ. "ನೋಡ ಗೋಪಣ್ಣಾ, ನಾವು ನೀವು ಅಣ್ಣ ತಮ್ಮರಂಗ ಅದೀವಿ. ನ್ಯಾಯಾ ಮಾತಾಡೂಣು. ಆ ಸುಂಡಿಲಿ ನಿನ್ನ ಕುಣಿಯಾಗ ಬರೇ ಮಲಗತೈತಿ. ಊಟಕ್ಕ ನಮ್ಮ ಅಡಗಿಮನಿಗೆ ಬರತೈತಿ. ಮಲಗಿದ ಮನಿ ದೊಡ್ಡದೋ, ಉಂಡ ಮನಿ ದೊಡ್ಡದೋ?"

"ರೇಶನ್ ಕಾರ್ಡ್ ಎಲ್ಲಿರತೈತಿ, ಅದ ಮನಿ" ಎಂದ ಗೋಪಣ್ಣ.

"ಅದಕ್ಕೆಲ್ಲೈತಿ ರೇಶನ್ ಕಾರ್ಡು?"

"ಮಾಡಸ್ತೀನಿ!"

ಮಾಡಿಸುವ ಪ್ರಸಂಗವೂ ಬಂತೆನ್ನಿ. ಜಿಲ್ಲೆಯಾಗಿ ಹದಿನೈದು ವರ್ಷವಾಗಿದ್ದರೂ ನಮ್ಮ ಗದಗಿಗೆ ಹೊಸ ಜಿಲ್ಲೆ ಎಂಬ ಹೆಸರು ಹೋಗಿರಲಿಲ್ಲ. ಹೊಸ ಮದುವಣಗಿತ್ತಿಯ ಹಾಗೆ ಅದಕ್ಕೆ ತನ್ನದೆನ್ನುವ ಒಂದಾದರೂ ಒಡವೆ ಬೇಕಾಗಿತ್ತು. ಯಾವುದೋ ಕಚೇರಿಯ ಸಾಹೇಬರೊಬ್ಬರು ಫೈಲು ಹಿಡಿದುಕೊಂಡು ಬಂದರು. ಯಾವ ಕಚೇರಿ ಎಂದು ಅವರೂ ಹೇಳಲಿಲ್ಲ, ಸಾಹೇಬರನ್ನು ಅದನ್ನೆಲ್ಲ ಕೇಳುವ ರೂಢಿ ನಮಗೂ ಇಲ್ಲ. ಕುಣಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತು ಪೆನ್ನು ತೆಗೆದರು.

"ಪ್ರಾಣಿ ಎಷ್ಟು ವರ್ಷದಿಂದ ವಾಸ?"

"ಧಾರವಾಡದ ಅಕ್ಕಾರು ಲಕ್ಷಾಂತರ ವರ್ಷ ಅಂದಾರ್ರಿ ಸಾಹೇಬ್ರ."

"ಲಕ್ಷಾಂತರ ವರ್ಷ ವಾಸ ಇದ್ದದ್ದಕ್ಕ ಏನರ ದಾಖಲಾತಿ?"

"ವಾಸ್ನಿ ಐತಲ್ರಿ" ಎಂದಳು ಒಳಗಿನಿಂದ ಚೌಡವ್ವ.

ಸಾಹೇಬರು ಮೂಗು ಮುಚ್ಚಿಕೊಂಡು ಅದನ್ನೂ ಬರೆದುಕೊಂಡರು. ಕುಣಿಯ ಸುತ್ತ ನಾಲ್ಕು ಗೂಟ ನಡೆಸಿ, ಹಗ್ಗ ಕಟ್ಟಿಸಿ, ಸುಂಡಿಲಿಯನ್ನು ಜಿಲ್ಲೆಯ ಪ್ರಾಣಿಯೆಂದು ಸಾರಲು ಮೇಲಿನವರಿಗೆ ಬರೆಯುತ್ತೇನೆಂದರು. ಅಲ್ಲಿಯ ತನಕ ಆ ಮನೆಯಲ್ಲಿ ಯಾರೂ ಜೋರಾಗಿ ಸೀನಬಾರದು, ಒಗ್ಗರಣೆಗೆ ಮೆಣಸಿನಕಾಯಿ ಹಾಕಬಾರದು ಎಂದು ಅಪ್ಪಣೆಯಾಯಿತು. ಮೆಣಸಿನಕಾಯಿಯ ಮಾತು ಕೇಳಿ ಚೌಡವ್ವ ಸೌಟು ಹಿಡಿದೇ ಹೊರಗೆ ಬಂದಳು, ಸಾಹೇಬರು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋದರು.

ಅವತ್ತೇ ಆಕೆ ಹಗ್ಗ ಕಿತ್ತೆಸೆಯುತ್ತಿದ್ದಳು. ತಡೆದವಳು ಗುರುಸಿದ್ದವ್ವ. ಸುದ್ದಿ ಕೇಳಿ ಲಕ್ಷ್ಮೇಶ್ವರದಿಂದ ಸಿಕ್ಕ ಮೊದಲ ಬಸ್ಸಿಗೇ ಬಂದ ಅಕ್ಕ ಹೊಸ್ತಿಲು ದಾಟುವ ಮೊದಲೇ ಶುರುಮಾಡಿದಳು.

"ಅಲ್ಲೋ ಗೋಪಣ್ಣಾ, ನಮ್ಮ ಮನ್ಯಾಗೂ ಮೂರು ಹಿಡಕೊಂಡು ಹೋದಿ. ನಿಮ್ಮದು ದೊಡ್ಡ ಕುಲ, ನಮ್ಮದು ಬಿಕನಾಸಿ ಅಂತ ಹೆಂಗ ಬರೀತಾರ? ಟೈಲ್ಸ್ ಮ್ಯಾಲೆ ಓಡ್ಯಾಡಿದ ಸುಂಡಿಲಿ ಅದು! ನಿಮ್ಮದರಂಗ ತಗ್ಗಿನ್ಯಾಗ ಬಿದ್ದು ಬೆಳದದ್ದಲ್ಲ!"

ಚೌಡವ್ವನ ಮುಖ ಅರಳಿತು. ಅಕ್ಕನಿಗೆ ಹೊಟ್ಟೆಕಿಚ್ಚು! ಹದಿನೆಂಟು ಡಬ್ಬಿ ಟೈಲ್ಸಿಂದಲೂ ಸಿಗದ ತಂಪು ಒಂದು ಸುಂಡಿಲಿಯಿಂದ ಸಿಕ್ಕಿತ್ತು.

"ಹಂಗನಬಾರದಕ್ಕಾ" ಎಂದಳು, ಜೇನು ಸುರಿಯುವ ದನಿಯಲ್ಲಿ. "ಟೈಲ್ಸ್ ಪ್ಯಾಟ್ಯಾಗ ಸಿಗತಾವ. ಕುಲ ಸಿಗತೈತೇನು?"

ಅಲ್ಲಿಂದ ಆಕೆಯೇ ಸುಂಡಿಲಿಯ ವಕೀಲೆಯಾದಳು. ನೋಡಲು ಬಂದ ಹೆಂಗಸರಿಗೆ ಕುಂಕುಮ ಕೊಟ್ಟು, ಹಗ್ಗದ ಹೊರಗೆ ಸಾಲಾಗಿ ಕೂಡಿಸಿ, ಲಕ್ಷಾಂತರ ವರ್ಷದ ಇತಿಹಾಸ ಹೇಳತೊಡಗಿದಳು. ಬಂದವರಿಗೆ ಸುಂಡಿಲಿಯಂತೂ ಕಾಣುತ್ತಿರಲಿಲ್ಲ. ಬರಿಗೈಯಲ್ಲಿ ಕಳಿಸಬಾರದೆಂದು ಗೋಪಣ್ಣ ಹಗ್ಗ ದಾಟಿ, ಕುಣಿಗೆ ಕಾಲು ಇಳಿಬಿಟ್ಟು, ಮಗ್ಗಕ್ಕೆ ಉದ್ದದೆಳೆಯ ಹಾಸು ಕಟ್ಟಿ ನೇಯ್ದು ತೋರಿಸತೊಡಗಿದ. ಮೊದಲ ದಿನ ಒಂದು ಗೇಣು, ಮರುದಿನ ಒಂದು ಮೊಳ. ಹದಿನೈದು ದಿನಕ್ಕೆ ಒಂದು ಸೀರೆಯೇ ಮುಗಿಯಿತು. ಚೌಡವ್ವ ಕಂಡಿಕೆ ಸುತ್ತಿ ಕೊಡುತ್ತ ಅದನ್ನು ನೋಡುತ್ತಿದ್ದಳು.

ಮರು ವಾರ ಅನುರಾಧಾ ಬಂದಳು. ಪಡಸಾಲೆ ತುಂಬಿತ್ತು. ಅಬ್ದುಲಗನಿ, ಖಾತುನಬಿ, ಸಾಹೇಬರು, ಬಿಟ್ಟುಹೋದರೆ ಎಲ್ಲಿ ಮಾನ ಹೋದೀತೋ ಎಂದು ಬೆಟಗೇರಿಯಲ್ಲೇ ಉಳಿದಿದ್ದ ಗುರುಸಿದ್ದವ್ವ, ಎಲ್ಲ ಇದ್ದರು. ರಹಮಾನಸಾಬ ಟೈಲ್ಸಿನ ಡಬ್ಬಿಯ ಮೇಲೆ ಕೂತಿದ್ದ.

"ಗೋಪಣ್ಣಾರ" ಎಂದಳು ಅನುರಾಧಾ, ಕಣ್ಣು ಒದ್ದೆ ಮಾಡಿಕೊಂಡು, "ಐದು ವರ್ಷ ಆತು, ಎಲ್ಲಾರೂ ಸುಂಡಿಲಿ ಹುಡುಗಿ ಅಂತ ನನ್ನ ನೋಡಿ ನಗತಿದ್ರು. ನಾಳೆ ನನ್ನ ಲೇಖನ ಕಳಸ್ತೀನಿ. ಈ ಜಾತಿಗೆ ಬೆಟಗೇರಿ ಹೆಸರ ಇಡಬೇಕಂತ ಮಾಡೀನಿ. ನನ್ನ ಐದು ವರ್ಷದ ದುಡಿಮಿ ಎಲ್ಲಾ ನಿಮ್ಮ ಒಂದು ಗಂಟಿನ ಮ್ಯಾಲೆ ನಿಂತೈತಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಚೌಡವ್ವ ಅಕ್ಕನ ಕಡೆ ನೋಡಿ ಸೆರಗು ಸರಿಮಾಡಿಕೊಂಡಳು. ಗೋಪಣ್ಣ ಆ ಹುಡುಗಿಯ ಮುಖ ನೋಡಿದ, ಕುಣಿ ನೋಡಿದ, ಹೆಂಡತಿಯನ್ನು ನೋಡಿದ. ಒಂದು ಮಾತು ಆಡಿದರೆ ಮೂರೂ ಹೋಗುತ್ತವೆ.

"ಅಕ್ಕಾರ, ಆ ಗಂಟು ಸುಳ್ಳು" ಎಂದ.

ಚಪ್ಪಾಳೆ ಅರ್ಧಕ್ಕೆ ನಿಂತಿತು. ಅಬ್ದುಲಗನಿಯ ಎರಡು ಕೈ ಮಾತ್ರ ಗಾಳಿಯಲ್ಲೇ ಉಳಿದವು.

"ಮದಲಿನ ಗಂಟು ಬಿಚ್ಚಿ ಹೋಗಿದ್ವು. ನಾ ಅಂದಾಜಿಲೆ ಹೊಳ್ಳಿ ಕಟ್ಟೀನಿ. ಒಂದು ಗಂಟಿನ ಬಾಟಲಿ ಇಲ್ಲೀದೋ, ಮತ್ತೆಲ್ಲೀದೋ, ದೇವರಾಣಿ ನನಗ ಗೊತ್ತಿಲ್ಲ."

"ಬಿಚ್ಚಿ ಹೋಗಿದ್ವು ಅಂದರ?" ಎಂದಳು ಚೌಡವ್ವ ಮೆಲ್ಲಗೆ. "ಬಿಚ್ಚಿದಾಕಿ ನಾನ ಅಲ್ಲೇನ್ರಿ?"

ಗುರುಸಿದ್ದವ್ವ ನಕ್ಕ ನಗೆ ಓಣಿಯ ತುದಿಯ ಚಹಾದಂಗಡಿಗೆ ಕೇಳಿಸಿತು. ಸಾಹೇಬರು ಎದ್ದು ತಾವೇ ಗೂಟ ಕಿತ್ತು, ಹಗ್ಗ ಸುತ್ತಿಕೊಂಡು, "ಹಗ್ಗ ಆಫೀಸಿಂದು" ಎಂದು ಹೇಳಿ ಹೊರಟರು. ಅನುರಾಧಾ ರಹಮಾನಸಾಬನ ಪಕ್ಕ ಡಬ್ಬಿಯ ಮೇಲೆ ಕುಸಿದು ಕೂತಳು. ಸ್ವಲ್ಪ ಹೊತ್ತಿಗೆ ಅವಳೇ ಮುಖ ಒರೆಸಿಕೊಂಡಳು.

"ನಾಳೆ ಹೇಳಿದ್ರ ನನ್ನ ಕಥಿ ಮುಗೀತಿತ್ತು ಗೋಪಣ್ಣಾರ. ಇವತ್ತ ಹೇಳೀರಿ, ಪುಣ್ಯಾ ಬರಲಿ. ಬ್ಯಾರೆ ಜಾತಿ ಇರೂದಂತೂ ಖರೆ, ರಕ್ತ ಸುಳ್ಳು ಹೇಳೂದಿಲ್ಲ. ಯಾವೂರಿಂದು ಅಂತ ಹೊಳ್ಳಿ ತಿರಗಿ ನೋಡೂಣು. ನಡೀರಿ. ಈ ಸಲ ಸ್ಪಿರಿಟ್ಟಿಗೆ ಅಳಸದ ಪೆನ್ಸಿಲ್ ತಂದೀನಿ."

ಎಲ್ಲರೂ ಹೋದ ಮೇಲೆ ಚೌಡವ್ವ ಗಂಡನ ಎದುರು ಬಂದು ನಿಂತಳು. "ಒಂದು ಮಾತು ಕೇಳತೀನಿ, ಖರೆ ಹೇಳ್ರಿ. ಸುಂಡಿಲಿ, ವಿಜ್ಞಾನ, ಸಾಹೇಬ್ರು, ಇಷ್ಟೆಲ್ಲಾ ಈ ಕುಣಿ ಉಳಸಾಕ?"

"ಹೂಂ."

"ಬಾಯಿ ಬಿಟ್ಟು ಹೇಳಾಕ ಏನ್ ಧಾಡಿ ಆಗಿತ್ತು?"

ಗೋಪಣ್ಣನ ಗಂಟಲಲ್ಲಿ ಕೂತಿದ್ದ ಮಾತು ಅವತ್ತು ಎದ್ದು ಹೊರಗೆ ಬಂತು. "ಅಂಗಡಿಯಾಗ ನನಗ ಏ ಸೀರಿ, ಏ ಇಲ್ಲಿ ಬಾ ಅಂತಾರ ಚೌಡಿ. ಈ ಕುಣಿಯಾಗ ಕಾಲು ಬಿಟ್ಟು ಕುಂತಾಗಷ್ಟ ನಾ ಗೋಪಣ್ಣ. ಇದನ್ನ ಮುಚ್ಚಿದರ ನಾ ಎಲ್ಲಿ ಹೋಗಿ ಕುಂಡರ್ಲಿ?"

ಚೌಡವ್ವ ಕುಣಿಯ ಅಂಚಿಗೆ ಹೋಗಿ ಒಳಗೆ ಬಗ್ಗಿ ನೋಡಿದಳು. ಆಮೇಲೆ "ಅಕ್ಕಾರು ಹೊರಗ ಕಾಯಾಕತ್ಯಾರ, ಹೋಗ್ರಿ" ಎಂದಷ್ಟೇ ಹೇಳಿದಳು. ಆ ಮಾತಿನಿಂದ ಗೋಪಣ್ಣನಿಗೆ ಹೌದೆಂದೂ ತಿಳಿಯಲಿಲ್ಲ, ಇಲ್ಲವೆಂದೂ ತಿಳಿಯಲಿಲ್ಲ.

ಮತ್ತೆ ನಾಲ್ಕು ದಿನ ನಾಲ್ಕು ಊರು, ಬೆಟಗೇರಿ ಮುಗಿಸಿ ಹೊರಟ ಮೇಲೆ ಹೋದಲ್ಲೇ ವಸತಿ. ತಿಂಗಳ ಮೇಲೆ ಗೊತ್ತಾದದ್ದನ್ನು ಈಗಲೇ ಹೇಳಿಬಿಡೋಣ. ಆ ದೊಡ್ಡ ಕುಲ ಸಿಕ್ಕಿದ್ದು ಹಿರೇವಡ್ಡಟ್ಟಿಯ ಕಳಕವ್ವನ ಮನೆಯಲ್ಲಿ, ಜೋಳದ ಚೀಲಗಳ ಹಿಂದೆ. ಅನುರಾಧಾ ಆನಂದದಿಂದ ಕುಣಿಯುತ್ತ ಹೋಗಿ ಹೇಳಿದರೆ ಕಳಕವ್ವ, "ಇಷ್ಟು ದೊಡ್ಡ ಆಸಾಮಿ ನನ್ನ ಜ್ವಾಳದಾಗ್ಯಾಕ ಉಚ್ಚಿ ಹೊಯ್ತಾನವ್ವಾ? ಕರಕೊಂಡು ಹೋಗ" ಎಂದಳಂತೆ.

ನಾಲ್ಕನೆಯ ದಿನ ಮಧ್ಯಾಹ್ನ ಗೋಪಣ್ಣ ಬೋನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ. ಬಾಗಿಲಲ್ಲೇ ಕಣ್ಣು ಕುಕ್ಕಿತು. ಪಡಸಾಲೆಯ ತುಂಬ ಬೆಳ್ಳಗಿನ ಟೈಲ್ಸು. ಹದಿನೆಂಟು ಡಬ್ಬಿಯೂ ಖಾಲಿಯಾಗಿ ಮೂಲೆಯಲ್ಲಿ ಬಿದ್ದಿದ್ದವು. ಹೊರಗೆ ಸುರಿದಿದ್ದ ಗರಸೂ ಇರಲಿಲ್ಲ. ಆತು, ಮುಗೀತು ಎಂದುಕೊಂಡು ಅವನು ಹೊಸ್ತಿಲ ಮೇಲೆಯೇ ಕೂತುಬಿಟ್ಟ. ಕಣ್ಣಲ್ಲಿ ನೀರು ಬಂತು. ಬೆಳಕು ಜಾಸ್ತಿಯಾಗಿ ಬಂತೆಂದು ತನಗೆ ತಾನೇ ಹೇಳಿಕೊಂಡ.

"ಹೊರಗ ಯಾಕ ಕುಂತೀರಿ? ಒಳಗ ಬಂದು ನೋಡ್ರಿ" ಎಂದಳು ಚೌಡವ್ವ.

ಒಳಗೆ ಹೋಗಿ ನೋಡಿದ. ಮಗ್ಗ ಇದ್ದಲ್ಲೇ ಇತ್ತು. ಅದರ ಕೆಳಗೆ ಕುಣಿಯೂ ಇತ್ತು. ಗರಸು ನೆಲ ಮಟ್ಟ ಮಾಡಲು ಹೋಗಿತ್ತು. ಕುಣಿಯ ನಾಲ್ಕು ಗೋಡೆಗೂ, ತಳಕ್ಕೂ ಬಿಳಿ ಟೈಲ್ಸು ಹೊಡೆದು, ಸಂದುಗಳಿಗೆ ಸಿಮೆಂಟು ತುಂಬಿ, ರಹಮಾನಸಾಬ ಒದ್ದೆ ಬಟ್ಟೆಯಿಂದ ತಿಕ್ಕಿ ಹೊಳೆಸಿದ್ದ. ಸುಂಡಿಲಿಯ ಸಂಸಾರ ಖಾತುನಬಿಯ ಅಡುಗೆಮನೆಗೆ ಬಿಡಾರ ಬದಲಿಸಿತ್ತು.

"ಕುಣಿ ನಿಮ್ಮದು, ಟೈಲ್ಸ್ ನಂದು" ಎಂದಳು ಚೌಡವ್ವ. "ಗುರುಸಿದ್ದವ್ವನ ಮನ್ಯಾಗ ಬರೇ ನೆಲಕ್ಕೈತಿ. ನಮ್ಮ ಮನ್ಯಾಗ ನೆಲದ ಒಳಗೂ ಐತಿ. ಕುಂಡ್ರಿ."

ಗೋಪಣ್ಣ ಅಂಚಿಗೆ ಕೂತು ಕಾಲು ಇಳಿಬಿಟ್ಟ. ಹಿಮ್ಮಡಿ ಜಾರಿತು, ಬೆನ್ನು ಝುಮ್ಮೆಂದಿತು. ಕಾಲೂರಿ ಹಲಗೆ ತುಳಿದು ಲಾಳಿ ಎಸೆದ. ಸಪ್ಪಳ ಕೇಳಿ ಅಬ್ದುಲಗನಿ ಬಾಗಿಲಿಗೆ ಬಂದ. ಬಿಳಿ ಟೈಲ್ಸಿನ ತೊಟ್ಟಿಯಲ್ಲಿ ಕಾಲು ಬಿಟ್ಟು ನಗುತ್ತ ಕೂತ ಗೆಳೆಯನನ್ನು ತಲೆಯಿಂದ ಕಾಲಿನ ತನಕ ನೋಡಿ, ಅಕ್ಕರೆಯಿಂದ ಕೇಳಿದ:

"ಗೋಪಣ್ಣಾ, ನೀರು ಬಿಡಲೇನು? ಮೈಗೆ ಹಚ್ಚಾಕ ಸಬಕಾರ ಐತೋ, ನಮ್ಮನಿಯಿಂದ ತರಲೋ?"